ಹೈಪರ್ ಲೈಟ್ ಡ್ರಿಫ್ಟರ್: ಸತ್ತೂ ಸತ್ತೂ ಸಾಕಾಯ್ತು, ಬಿಡೋಕೂ ಆಗ್ತಿಲ್ಲ

ಗೂಬೆಕಣ್ಣು

ಎಲ್ರಿಗೂ ನಮಸ್ಕಾರ. ಗೇಮ್ ಬಂದಿದ್ದು 2016ರಲ್ಲಿ, ನಾನು ಶುರು ಮಾಡಿದ್ದು ಹೋದ ವಾರ, ಆದ್ರಿಂದ ಇಷ್ಟು ದಿನ ಎಲ್ಲಿ ಮಲಗಿದ್ದೆ ಅಂತ ಕೇಳ್ಬೇಡಿ. ಯಾವಾಗ್ಲೋ ತಗೊಂಡು ಲೈಬ್ರರೀಲಿ ಧೂಳು ಹಿಡೀತಿತ್ತು. ಪಿಕ್ಸೆಲ್ ಗೇಮ್ ತಾನೆ, ಮಲಗೋ ಮುಂಚೆ ಒಂದರ್ಧ ಗಂಟೆ ಆರಾಮಾಗಿ ಆಡೋಣ ಅಂತ ಕೂತೆ ಗುರು, ಅಲ್ಲೇ ತಪ್ಪಾಗಿದ್ದು.

ಓಪನಿಂಗ್ ನೋಡಿದೀರಲ್ಲ, ಪರದೆ ತುಂಬಾ ಆ ಗುಲಾಬಿ ಬಣ್ಣ, ಬೆಟ್ಟದಷ್ಟು ದೊಡ್ಡ ದೈತ್ಯರು, ಕಪ್ಪು ನರಿನೋ ನಾಯಿನೋ ಗೊತ್ತಾಗದ ಒಂದು ಪ್ರಾಣಿ ಸುಮ್ನೆ ನಿಂತು ನೋಡ್ತಿರುತ್ತೆ, ನಮ್ಮ ಹೀರೋ ಕೆಮ್ತಾನೆ, ರಕ್ತ ಕಕ್ತಾನೆ, ಬೀಳ್ತಾನೆ. ಒಂದಕ್ಷರ ಇಲ್ಲ, ಯಾರು ಎತ್ತ ಏನೂ ಹೇಳಲ್ಲ. ಆಮೇಲೆ ಊರೊಂದು ಬರುತ್ತೆ, ಅಲ್ಲಿನ ಮ್ಯೂಸಿಕ್ ಕೇಳಿ ಕಂಟ್ರೋಲರ್ ಕೆಳಗಿಟ್ಟು ಐದು ನಿಮಿಷ ಸುಮ್ನೆ ಕೂತಿದ್ದೆ, ನಿಜವಾಗ್ಲೂ.

ಆಮೇಲೆ ಉತ್ತರಕ್ಕೆ ಹೋದೆ. ಮುಗೀತು ಕಥೆ.

ಐದೇ ಐದು ಚೌಕ ಹೆಲ್ತು. ಒಂದು ರೂಮಲ್ಲಿ ಎದುರಿಗೆ ಇಬ್ರು, ದೂರದಿಂದ ಹೊಡೆಯೋನು ಒಬ್ಬ, ಪಕ್ಕದಲ್ಲೇ ಪ್ರಪಾತ. ಇವನಿಂದ ತಪ್ಪಿಸ್ಕೊಳಕ್ಕೆ ಡ್ಯಾಶ್, ಅಂದ್ರೆ ಸರ್ರಂತ ನುಗ್ಗೋ ಬಟನ್, ಒತ್ತಿದ್ರೆ ನೇರ ಪ್ರಪಾತಕ್ಕೆ, ಅದಕ್ಕೊಂದು ಚೌಕ ಹೋಯ್ತು, ಮೇಲೆ ಬಂದ ತಕ್ಷಣ ಇನ್ನೊಬ್ಬ ರೆಡಿಯಾಗಿ ಕಾಯ್ತಿರ್ತಾನೆ. ಎಣಿಸಿದೀನಿ, 23 ಸಲ ಸತ್ತೆ ಅದೊಂದೇ ರೂಮಲ್ಲಿ. ನನ್ನ ಕೈ ಸರಿ ಇಲ್ವೋ, ಇಲ್ಲಾ ಗೇಮೇ ಹಿಂಗೋ, ಆಡಿದೋರು ಹೇಳಿ.

ತಾಳತಪ್ಪಿದೋನು

ಉತ್ತರಕ್ಕೆ ಯಾಕೋ ಮೊದ್ಲೇ ಹೋದೆ ಮಾರಾಯಾ. ಉತ್ತರ, ಪೂರ್ವ, ಪಶ್ಚಿಮ ಈ ಮೂರು ಯಾವ ಆರ್ಡರಲ್ಲಿ ಬೇಕಾದ್ರೂ ಮಾಡ್ಬಹುದು, ದಕ್ಷಿಣ ಮಾತ್ರ ಕೊನೆಗೆ ತೆಗೆಯೋದು. ಹೊಸಬ್ರು ಪೂರ್ವದಿಂದ ಶುರು ಮಾಡಿದ್ರೆ ಸ್ವಲ್ಪ ಸಲೀಸು, ಅಲ್ಲಿ ರೂಮುಗಳು ಅಗಲ, ಕೈ ಕುದುರಕ್ಕೆ ಟೈಮ್ ಸಿಗುತ್ತೆ. ನಿನ್ನ ಕೈ ಸರಿ ಇದೆ, ದಾರಿ ತಪ್ಪು.

ಒಂದೆರಡು ವಿಷ್ಯ, ಗೇಮ್ ಬಾಯ್ಬಿಟ್ಟು ಹೇಳದೇ ಇರೋದು:

ಗನ್ನಿಗೆ ಗುಂಡು ಎಲ್ಲೂ ಬಿದ್ದಿರಲ್ಲ, ಹುಡುಕ್ತಾ ಕೂರ್ಬೇಡ. ಕತ್ತಿಲಿ ಹೊಡೆದಷ್ಟೂ ಗನ್ ತುಂಬ್ಕೊಳುತ್ತೆ. ಅಂದ್ರೆ ದೂರ ನಿಂತು ಟುಸ್ ಟುಸ್ ಅಂತ ಹೊಡ್ಕೊಂಡು ಗೆಲ್ಲೋಕೆ ಬಿಡಲ್ಲ, ಹತ್ರ ಹೋಗ್ಲೇಬೇಕು, ಹತ್ರ ಹೋಗಿ ನಾಲ್ಕು ಹೊಡೆದೋನಿಗೆ ಮಾತ್ರ ದೂರದಿಂದ ಹೊಡೆಯೋ ಹಕ್ಕು. ಇದು ಅರ್ಥ ಆದ ದಿನ ನಂಗೆ ಇಡೀ ಗೇಮ್ ಬೇರೆ ಥರ ಕಾಣ್ಸಕ್ಕೆ ಶುರುವಾಯ್ತು. ನಿನ್ನ ಆ ರೂಮಲ್ಲೂ ಅಷ್ಟೇ, ಹತ್ರ ಇರೋನಿಗೆ ಮೂರು ಏಟು, ತಕ್ಷಣ ತಿರುಗಿ ದೂರದವನಿಗೆ ಒಂದು ಗುಂಡು, ಆಮೇಲೆ ಉಳಿದೋನು ಒಬ್ನೇ.

ಇನ್ನೊಂದು, ಡ್ಯಾಶ್ ಅಂದ್ರೆ ಓಡಿಹೋಗೋ ಬಟನ್ ಅಲ್ಲ. ಭಯ ಆದಾಗೆಲ್ಲ ಒತ್ತಿದ್ರೆ ಹಿಂಗೇ ಪ್ರಪಾತ. ಅವನ ಬೆನ್ನ ಹಿಂದಕ್ಕೆ ಹೋಗೋಕೆ ಬಳಸು, ಅವನಿಂದ ದೂರ ಹೋಗೋಕಲ್ಲ.

ಮೂಲೆಮನೆ

23 ಅಷ್ಟೇನಾ 😂 ನಂದು ಪಶ್ಚಿಮದಲ್ಲಿ ಎಣಿಕೆನೇ ತಪ್ಪೋಯ್ತು

ಸಿಡುಕಪ್ಪ

ಎಲ್ರೂ ಹೊಗಳ್ತೀರಿ ಅಂತ ಗೊತ್ತಿತ್ತು, ಅದಕ್ಕೇ ನಾನು ಬೈಯಕ್ಕೆ ಬಂದೆ.

ಕಷ್ಟದ ಬಗ್ಗೆ ನಂದೇನೂ ತಕರಾರಿಲ್ಲ. ಕಷ್ಟ ಇರ್ಲಿ. ಆದ್ರೆ ಮ್ಯಾಪ್ ಅಂತ ಒಂದು ಕೊಟ್ಟಿದಾರಲ್ಲ, ಅದನ್ನ ಯಾರು ನೋಡಿ ಓಕೆ ಅಂದ್ರೋ. ನಾನು ಈಗ ಎಲ್ಲಿದೀನಿ ಅನ್ನೋದೇ ಸರಿಯಾಗಿ ತೋರ್ಸಲ್ಲ, ನಾವು ಹುಡುಕಿ ಕೂಡಿಸ್ಬೇಕಾದ ಮಾಡ್ಯೂಲ್ ಇಲ್ಲೆಲ್ಲೋ ಇದೆ ಅಂತ ಒಂದು ಗುರುತು, ಅದು ಮೇಲಿನ ಮಹಡೀಲೋ ಕೆಳಗಿನ ಸುರಂಗದಲ್ಲೋ ದೇವರೇ ಬಲ್ಲ. ಪ್ರತಿ ದಿಕ್ಕಲ್ಲೂ ಎಂಟು ಮಾಡ್ಯೂಲು, ನಾಲ್ಕು ಸಿಕ್ರೆ ಮುಂದೆ ಹೋಗ್ಬಹುದು ಸರಿ, ಆದ್ರೆ ಆ ನಾಲ್ಕನೇದಕ್ಕೆ ನಾನು ಎರಡು ಗಂಟೆ ಗೋಡೆ ಗೋಡೆ ತಡವಿದೀನಿ. ಎರಡು ಗಂಟೆ! ಶತ್ರುಗಳೆಲ್ಲ ಸತ್ತಿದಾರೆ, ಖಾಲಿ ಬಯಲಲ್ಲಿ ನಾನೊಬ್ನೇ ದೆವ್ವದ ಥರ ಓಡಾಡ್ತಿದೀನಿ. ಇದನ್ನ ನೀವು ವಾತಾವರಣ ಅಂತೀರಿ, ನಾನು ಟೈಮ್‌ಪಾಸ್ ಕೂಡ ಅನ್ನಲ್ಲ.

ಮತ್ತೆ ಆ ಮಾತೇ ಇಲ್ಲದ ಕಥೆ. ಬಾಯಿ ಮುಚ್ಕೊಂಡು ಕೂತೋನು ಜಾಣ ಅನ್ನಿಸ್ಕೋತಾನಲ್ಲ, ಆ ಲೆಕ್ಕ ಇದು. ಡೈಲಾಗ್ ಬರೆದಿದ್ರೆ ಸಾಮಾನ್ಯ ಕಥೆ ಅಂತ ಗೊತ್ತಾಗೋದು, ಬರೀಲಿಲ್ಲ, ಈಗ ಎಲ್ರೂ ತಮಗೆ ಬೇಕಾದ್ದು ಸೇರಿಸ್ಕೊಂಡು ಅದ್ಭುತ ಅಂತಿದಾರೆ.

ನೀಲಿಪೆಟ್ಟಿಗೆ

ಸಿಡುಕಪ್ಪ ಅವ್ರೇ, ಮ್ಯಾಪ್ ವಿಷ್ಯ ಒಪ್ತೀನಿ, ಅದು ನಿಜಕ್ಕೂ ದರಿದ್ರ. ಆದ್ರೆ ಮುಂದಿನ ಸಲ ಗೋಡೆ ತಡವೋ ಮುಂಚೆ ನೆಲ ನೋಡಿ. ಗುಟ್ಟಿನ ದಾರಿ ಇರೋ ಕಡೆ ನೆಲದಲ್ಲೋ ಗೋಡೆ ಪಕ್ಕದಲ್ಲೋ ಒಂದು ಸಣ್ಣ ಚೌಕದ ಗುರುತು ಇರುತ್ತೆ, ಬಣ್ಣ ಸುತ್ತಲಿನದಕ್ಕಿಂತ ಒಂದು ಚೂರು ಬೇರೆ. ಅದು ಕಣ್ಣಿಗೆ ಒಂದ್ಸಲ ಅಭ್ಯಾಸ ಆಯ್ತು ಅಂದ್ರೆ ಆಮೇಲೆ ಎಲ್ಲಾ ಕಡೆ ಅದೇ ಕಾಣ್ಸತ್ತೆ. ಪ್ರಪಾತದ ಅಂಚಲ್ಲಿ ಆ ಗುರುತಿದ್ರೆ ಅಲ್ಲಿ ಕಣ್ಣಿಗೆ ಕಾಣದ ಕಟ್ಟೆ ಇರೋ ಚಾನ್ಸೂ ಇದೆ, ಧೈರ್ಯ ಮಾಡಿ ಹಾರಿ.

ನಾನು ಚಿತ್ರ ಬರೆಯೋಳು, ಪಿಕ್ಸೆಲ್ ಆರ್ಟೇ ಹೆಚ್ಚು, ಹಂಗಾಗಿ ನಾನು ಈ ಗೇಮ್ ಆಡಿದ್ದಕ್ಕಿಂತ ನಿಲ್ಲಿಸಿ ನೋಡಿದ್ದೇ ಜಾಸ್ತಿ. ಮೂಲ ಚಿತ್ರದ ಅಳತೆ 480 ಗುಣಿಸು 270, ಅಷ್ಟೇ. ಅದನ್ನೇ ನಾಲ್ಕು ಪಟ್ಟು ಹಿಗ್ಗಿಸಿ ನಮ್ಮ 1920ರ ಪರದೆಗೆ ತುಂಬಿಸ್ತಾರೆ. ಅಷ್ಟು ಕಮ್ಮಿ ಜಾಗದಲ್ಲಿ ಹೀರೋಗೆ ಮುಖ ಬರೆಯೋಕೂ ಚುಕ್ಕಿ ಸಾಲಲ್ಲ, ಅದಕ್ಕೇ ಅವನ ಭಾವನೆ ಎಲ್ಲ ಆ ಕೆಂಪು ಮೇಲಂಗಿಯಲ್ಲಿದೆ, ಓಡಿದಾಗ ಅದು ಹಾರೋ ರೀತಿ, ಕೆಮ್ಮಿದಾಗ ಅದು ಕುಸಿಯೋ ರೀತಿ. ಕೆಮ್ಮಿನ ಫ್ರೇಮುಗಳನ್ನ ಒಂದೊಂದಾಗಿ ನಿಲ್ಲಿಸಿ ನೋಡಿದೀನಿ. ಮೊದ್ಲು ಭುಜ ಒಂದು ಚುಕ್ಕಿ ಕೆಳಗೆ ಬರುತ್ತೆ. ಬರೀ ಒಂದು ಚುಕ್ಕಿ. ಆಮೇಲೆ ಮೊಣಕಾಲು. ಮನುಷ್ಯ ಬೀಳೋ ಮುಂಚೆ ಬೀಳಲ್ಲ ಅಂತ ತಡೀತಾನಲ್ಲ, ಅದು ಆ ಒಂದು ಚುಕ್ಕೀಲಿ ಇದೆ.

ಉತ್ತರದ ಬೆಟ್ಟದಲ್ಲಿ ದೂರಕ್ಕೆ ನೋಡಿ ಒಂದ್ಸಲ. ಬೆಟ್ಟ ಅಂದ್ಕೊಂಡಿದ್ದು ಬೆಟ್ಟ ಅಲ್ಲ. ಸತ್ತ ದೈತ್ಯ. ಅದರ ಮೇಲೆ ಹಿಮ ಕೂತು, ಗಿಡ ಬೆಳೆದು, ಅದೇ ಊರಿನ ಭಾಗ ಆಗಿಬಿಟ್ಟಿದೆ. ಯಾರೂ ಬಂದು ಇಲ್ಲೊಂದು ಯುದ್ಧ ಆಗಿತ್ತು ಅಂತ ಹೇಳ್ಲಿಲ್ಲ, ಹೇಳೋ ಅಗತ್ಯನೂ ಇರ್ಲಿಲ್ಲ. ಇದನ್ನ ಸೋಮಾರಿತನ ಅಂತ ನೀವು ಅಂದ್ರೆ ನಾನು ಜಗಳಕ್ಕೆ ಬರ್ತೀನಿ.

ಸಿಡುಕಪ್ಪ

ಬನ್ನಿ ಬನ್ನಿ. ಸೋಮಾರಿತನ ಅಂದಿಲ್ಲ ನಾನು, ಮೇಲೆ ಹೋಗಿ ಓದಿ.

ನೆಲದ ಗುರುತು ಗೊತ್ತಿರ್ಲಿಲ್ಲ, ಅದಕ್ಕೆ ಥ್ಯಾಂಕ್ಸ್. ಆದ್ರೆ ಒಂದು ಚೌಕ ಕಾಣ್ಲಿಲ್ಲ ಅಂತ ಎರಡು ಗಂಟೆ ದಂಡ ಹಾಕೋದು ಯಾವ ನ್ಯಾಯ.

ಅಡ್ಡಗೋಡೆ

ನಾ ಒಂದ್ ಮಾತ್ ಹೇಳ್ತೀನ್ರಿ. ಮಾತಿಲ್ಲ ಮಾತಿಲ್ಲ ಅಂತ ಅನ್ನಾಕತ್ತೀರಿ, ನಮ್ ಮನ್ಯಾಗ ಅದ ಲಾಭ ಆತು. ನನ್ನ ತಂಗಿ ಎಂಟು ವರ್ಷದಕಿ, ಇಂಗ್ಲಿಷ್ ಓದಾಕ ಇನ್ನೂ ತಡವರಸ್ತಾಳ. ಬ್ಯಾರೆ ಯಾವ ಗೇಮ್ ಹಚ್ಚಿದ್ರೂ ಅಣ್ಣಾ ಇದೇನಂತ, ಅಣ್ಣಾ ಅದೇನಂತ, ನಾ ಆಡೂದು ಬಿಟ್ಟು ಅನುವಾದ ಮಾಡ್ಕೋಂತ ಕೂಡ್ಬೇಕು. ಇದ್ರಾಗ ಹಂಗಿಲ್ಲ. ಊರ ಮಂದಿ ಹತ್ರ ಹ್ವಾದ್ರ ಮೂರ್ನಾಕ್ ಚಿತ್ರ ತೋರಸ್ತಾರ, ಅಷ್ಟ. ಒಂದ್ ಹಕ್ಕಿ ತನ್ನ ಕಥಿ ಚಿತ್ರದಾಗ ತೋರಿಸ್ತು, ನಾ ಇನ್ನೂ ಏನಂತ ನೋಡೂದ್ರಾಗ ಆಕಿ, ಅಣ್ಣಾ ಅದರ ಮರಿ ಹೋಗ್ಯಾವ, ಅಂದ್ಲು. ಆಮ್ಯಾಲ ಮಾತಾಡ್ಲಿಲ್ಲ. ಸ್ವಲ್ಪ ಹೊತ್ತಿನ ಮ್ಯಾಲ, ಅವನ್ನ ಹೊಡಿ ಅಂದ್ಲು.

ನಾ ಹೊಡದೆ. ಅಂದ್ರ ಹೊಡಿಸ್ಕೊಂಡೆ, ಹತ್ ಸಲ. ಹನ್ನೊಂದನೇ ಸಲ ಹೊಡದೆ.

ಇಬ್ರು ಕೂಡಿ ಆಡೂದೂ ಆಮ್ಯಾಲ ಅಪ್‌ಡೇಟ್‌ನ್ಯಾಗ ಬಂದೈತಿ, ಒಂದ ಪರದೆದಾಗ ಆಡಬಹುದು. ಆದ್ರ ಆಕಿಗೆ ಜಗಳ ಬ್ಯಾಡ, ಊರಾಗ ಆ ಚೆಂಡು ಒದ್ಯೂದು ಐತಲ್ಲ, ಅದನ್ನ ತಾಸುಗಟ್ಲೆ ಆಡ್ತಾಳ.

ತಾಳತಪ್ಪಿದೋನು

ಆ ಫುಟ್‌ಬಾಲ್ ಗ್ರೌಂಡಲ್ಲಿ ನಾನೂ ಸುಮಾರು ಟೈಮ್ ಹಾಳ್ಮಾಡಿದೀನಿ, ನಿಮ್ಮ ತಂಗಿ ಒಬ್ಳೇ ಅಲ್ಲ.

ಹಳೇಕಾರ್ಟ್ರಿಜ್

ಎಲ್ಲ ಓದಿದೆ. ನನ್ನ ವಯಸ್ಸಿನೋರು ಇಲ್ಲಿ ಜಾಸ್ತಿ ಇಲ್ಲ ಅನ್ಸುತ್ತೆ. ಇದರ ಮೂಲ 1991ರ ಜೆಲ್ಡಾ ಗೇಮು, ಎ ಲಿಂಕ್ ಟು ದ ಪಾಸ್ಟ್. ಮೇಲಿಂದ ನೋಡೋ ಕೋನ, ಕತ್ತಿ, ಗುಟ್ಟಿನ ಗೋಡೆಗಳು, ನಾಲ್ಕು ದಿಕ್ಕಿನ ಲೋಕ ಎಲ್ಲ ಅಲ್ಲಿಂದ ಬಂದಿದ್ದು, ಮಾಡಿದೋರೇ ಒಪ್ಕೊಂಡಿದಾರೆ, ಜೊತೆಗೆ ಡಿಯಾಬ್ಲೋ ಗೇಮಿನ ಹೆಸರೂ ಹೇಳ್ತಾರೆ. ಆದ್ರೆ ಆ ಜೆಲ್ಡಾದಲ್ಲಿ ಸಾಮಾನು ಸಿಕ್ತಾ ಸಿಕ್ತಾ ನೀವು ಬಲಿಷ್ಠ ಆಗ್ತೀರಿ, ಹೃದಯ ಜಾಸ್ತಿ ಆಗ್ತಾ ಹೋಗುತ್ತೆ, ಕೊನೇಲಿ ಹುಲಿ ಥರ ಓಡಾಡ್ತೀರಿ. ಇಲ್ಲಿ? ಮೊದಲ ದಿನ ಐದು ಚೌಕ, ಕೊನೇ ಬಾಸ್ ಎದುರಿಗೂ ಐದೇ ಚೌಕ. ಹೋದ ಹೆಲ್ತ್ ತುಂಬೋ ಮೆಡ್‌ಕಿಟ್ ಇಟ್ಕೊಳೋ ಜಾಗ ಮೂರರಿಂದ ಐದಕ್ಕೆ ಏರಿಸ್ಕೋಬಹುದು, ಕತ್ತಿಗೆ ಹೊಸ ವರಸೆ ಕಲೀಬಹುದು, ದೇಹ ಮಾತ್ರ ಅದೇ. ನಾನು ಇದನ್ನ ಮೊದ್ಲು ಡಿಸೈನ್ ಲೋಪ ಅಂದ್ಕೊಂಡಿದ್ದೆ. ಎಲ್ಲ ಗೇಮಲ್ಲೂ ಹೆಲ್ತ್ ಬೆಳೆಯುತ್ತೆ, ಇಲ್ಲಿ ಮರೆತಿದಾರೆ ಅಂತ.

ಗೂಬೆಕಣ್ಣು

ಅಂದ್ರೆ ಕೊನೇವರೆಗೂ ಐದೇನಾ???

ಹಳೇಕಾರ್ಟ್ರಿಜ್

ಐದೇ. ಅಳ್ಬೇಡಪ್ಪ. ಒಂದ್ಸಲ ಮುಗಿಸಿ ನ್ಯೂ ಗೇಮ್ ಪ್ಲಸ್, ಅಂದ್ರೆ ಅದೇ ಗೇಮ್ ಮತ್ತೆ ಮೊದಲಿಂದ, ಹಾಕಿದ್ರೆ ಎರಡೇ.

ಎರಡುಪಫ್

ಸುಮಾರು ದಿನದಿಂದ ಓದ್ತೀನಿ, ಬರೆಯೋದು ಇದೇ ಮೊದಲು. ಹಳೇಕಾರ್ಟ್ರಿಜ್ ಸರ್ ಹೇಳಿದ್ದು ನೋಡಿ ಸುಮ್ನಿರಕ್ಕಾಗ್ಲಿಲ್ಲ.

ಅದು ಮರೆತಿದ್ದಲ್ಲ ಅಂತ ನಂಗನ್ಸುತ್ತೆ. ಗೇಮಿನ ಹಿಂದಿರೋ ಆಲ್ಕ್ಸ್ ಪ್ರೆಸ್ಟನ್‌ಗೆ ಹುಟ್ಟಿನಿಂದಲೇ ಹೃದಯದ ಕಾಯಿಲೆ. ಅವರ ಸ್ಟುಡಿಯೋ ಹೆಸರೇ ಹಾರ್ಟ್ ಮಷೀನ್. 2013ರಲ್ಲಿ ಜನರಿಂದ ದುಡ್ಡು ಸೇರಿಸೋ ಕಿಕ್‌ಸ್ಟಾರ್ಟರ್‌ನಲ್ಲಿ 27,000 ಡಾಲರ್ ಕೇಳಿದ್ರು, ಬಂದಿದ್ದು 6,45,000 ಡಾಲರಿಗೂ ಮೇಲೆ, ಗೇಮ್ ಮಾತ್ರ ಹೇಳಿದ ಟೈಮಿಗೆ ಬರ್ಲಿಲ್ಲ, ಕೊನೆಗೆ ಬಂದಿದ್ದು 2016ರ ಮಾರ್ಚ್ 31ಕ್ಕೆ. ತಡ ಆಗಕ್ಕೆ ಕಾರಣಗಳಲ್ಲಿ ಅವರ ಆರೋಗ್ಯನೂ ಒಂದು. ಇದನ್ನೆಲ್ಲ ಅವರೇ ಬಹಿರಂಗವಾಗಿ ಮಾತಾಡಿದಾರೆ, ಹೀರೋನ ಕಾಯಿಲೆ ತಮ್ಮದೇ ಅನುಭವದಿಂದ ಬಂದಿದ್ದು ಅಂತಾನೂ.

ನಂಗೆ ಇದೆಲ್ಲ ಗೊತ್ತಾಗಿದ್ದು ಆಮೇಲೆ. ಆಡುವಾಗ ಗೊತ್ತಿರ್ಲಿಲ್ಲ. ನಂಗೆ ಚಿಕ್ಕೋಳಿದ್ದಾಗಿಂದ ಆಸ್ತಮಾ. ಹೃದಯದಷ್ಟು ದೊಡ್ಡದಲ್ಲ, ಹೋಲಿಸ್ತಾ ಇಲ್ಲ. ಆದ್ರೆ ಉಸಿರಿನ ಲೆಕ್ಕ ಹಾಕ್ಕೊಂಡು ಬದುಕೋರಿಗೆ ಒಂದು ಅಭ್ಯಾಸ ಇರುತ್ತೆ, ಮೆಟ್ಟಿಲು ನೋಡಿದ ತಕ್ಷಣ ಎಷ್ಟು ಮೆಟ್ಟಿಲು ಅಂತ ಎಣಿಸೋದು, ಬ್ಯಾಗಲ್ಲಿ ಇನ್ಹೇಲರ್ ಇದ್ಯಾ ಅಂತ ಹೊರಡೋ ಮುಂಚೆ ಮೂರು ಸಲ ಮುಟ್ಟಿ ನೋಡೋದು, ಅಲ್ಲಾಡಿಸಿ ಇನ್ನೂ ಎಷ್ಟಿದೆ ಅಂತ ಅಂದಾಜು ಮಾಡೋದು. ಈ ಗೇಮಲ್ಲಿ ಹೊಸ ರೂಮಿಗೆ ಕಾಲಿಡೋ ಮುಂಚೆ ನಾನು ಏನು ಮಾಡ್ತಿದ್ದೆ ಗೊತ್ತಾ, ಮೆಡ್‌ಕಿಟ್ ಎಷ್ಟಿದೆ ಅಂತ ಮೂಲೆ ನೋಡ್ತಿದ್ದೆ, ಒಂದ್ಸಲ ನೋಡಿದ್ಮೇಲೂ ಮತ್ತೆ ನೋಡ್ತಿದ್ದೆ. ಮೂರನೇ ದಿನ ನಂಗೇ ನಗು ಬಂತು, ಅಯ್ಯೋ ಇದು ನಂದೇ ಚಟ ಅಲ್ವಾ ಅಂತ.

ಮತ್ತೆ ಒಂದು ಜಾಗದಲ್ಲಿ, ಎಲ್ಲಿ ಅಂತ ಹೇಳಲ್ಲ, ಒಂದು ಫೈಟ್ ಗೆದ್ದು ಖುಷಿಯಾಗಿ ಹೊರಗೆ ಬರ್ತೀನಿ, ಯಾರೂ ಹೊಡೀಲಿಲ್ಲ, ಸುಮ್ನೆ ನಡೀತಾ ನಡೀತಾ ಅವನು ಕುಸಿದು ಕೆಮ್ಮಕ್ಕೆ ಶುರು. ಬಟನ್ ಒತ್ತಿದ್ರೆ ಏನೂ ಆಗ್ತಿಲ್ಲ. ಕಂಟ್ರೋಲ್ ನಮ್ಮ ಕೈಲಿಲ್ಲ. ಬೇರೆ ಯಾರಾದ್ರೂ ಆಗಿದ್ರೆ ಕಟ್‌ಸೀನ್ ಅಂತ ಸುಮ್ನೆ ನೋಡ್ತಿದ್ರೇನೋ. ನಾನು ಬಟನ್ ಒತ್ತುತ್ತಲೇ ಇದ್ದೆ. ಹೊರಗಿಂದ ಎಲ್ಲ ಸರಿ ಇದ್ದಾಗ್ಲೇ ಬರೋದು ಅದು. ಗೆದ್ದ ದಿನವೇ ಬರೋದು.

ಸಾರಿ ಉದ್ದ ಆಯ್ತು.

ನೀಲಿಪೆಟ್ಟಿಗೆ

ಸಾರಿ ಎಲ್ಲ ಯಾಕೆ. ಬರೀತಾ ಇರಿ.

ಸಿಡುಕಪ್ಪ

ಐದು ಚೌಕದ ವಿಷ್ಯ ನಾನು ಆ ಥರ ಯೋಚ್ನೆ ಮಾಡಿರ್ಲಿಲ್ಲ. ಮ್ಯಾಪ್ ಬಗ್ಗೆ ನನ್ನ ಮಾತು ಹಂಗೇ ಇದೆ, ಅದು ಬೇರೆ.

ಒಂದು ಮಾತ್ರ ಕೇಳ್ತೀನಿ ಅಕ್ಕಾ, ಅದು ಆಡುವಾಗ್ಲೇ ನಿಮಗೆ ಅನ್ಸಿದ್ದಾ, ಇಲ್ಲಾ ಪ್ರೆಸ್ಟನ್ ವಿಷ್ಯ ಓದಿದ್ಮೇಲೆ ಹಿಂದಕ್ಕೆ ಹೋಗಿ ಜೋಡಿಸ್ಕೊಂಡಿದ್ದಾ? ಚುಚ್ಚಕ್ಕೆ ಕೇಳ್ತಿಲ್ಲ. ನಂಗೆ ಏನೂ ಅನ್ಸಿರ್ಲಿಲ್ಲ, ಅದಕ್ಕೆ.

ಎರಡುಪಫ್

ಮೆಡ್‌ಕಿಟ್ ಎಣಿಸಿದ್ದು ಆಡುವಾಗ್ಲೇ. ಐದು ಚೌಕದ್ದು ಓದಿದ್ಮೇಲೆ. ಕೆಮ್ಮಿದ್ದು ಮಾತ್ರ ಮೊದಲ ನಿಮಿಷದಿಂದಲೇ.

ಮೂಲೆಮನೆ

ಮಧ್ಯದಲ್ಲಿ ಬಾಯಿ ಹಾಕ್ತೀನಿ, ಮ್ಯೂಸಿಕ್ ಬಗ್ಗೆ ಯಾರೂ ಸರಿಯಾಗಿ ಹೇಳೇ ಇಲ್ವಲ್ಲ. ಡಿಸಾಸ್ಟರ್‌ಪೀಸ್ ಅನ್ನೋ ಹೆಸರಲ್ಲಿ ಮಾಡೋ ರಿಚ್ ವ್ರೀಲ್ಯಾಂಡ್ ಅವ್ರದ್ದು, 2012ರ ಫೆಜ್ ಗೇಮಿಗೂ ಅವ್ರದ್ದೇ. ಫೈಟ್ ಗೇಮ್ ಅಂದ್ರೆ ಡ್ರಮ್ ಬಡಿದು ತಲೆ ಕೆಡಿಸ್ತಾರೆ ಅಂದ್ಕೊಂಡ್ರೆ ಇಲ್ಲಿ ಉಲ್ಟಾ, ಸಿಂತ್ ಎಲ್ಲೋ ನೀರೊಳಗಿಂದ ಬಂದಂಗೆ ಬರುತ್ತೆ, ಸ್ವರ ಸ್ವಲ್ಪ ಅಲ್ಲಾಡುತ್ತೆ, ಹಳೇ ಕ್ಯಾಸೆಟ್ ಎಳೆದಂಗೆ. ಪೂರ್ವದ ಕೆರೆ ಹತ್ರ ಆ ನೀರುನಾಯಿಗಳ ಹೆಣ ತೇಲ್ತಿರುತ್ತಲ್ಲ, ಕಪ್ಪೆಗಳು ಬಂದು ಊರನ್ನೇ ಮುಗಿಸಿರೋದು, ಅಲ್ಲಿ ದುಃಖದ ಮ್ಯೂಸಿಕ್ ಹಾಕಿಲ್ಲ ನೋಡಿ, ಸುಮ್ನೆ ಗಾಳಿ ಬೀಸಿದಂಗೆ ಏನೋ ಒಂದು. ಅದು ಇನ್ನೂ ಹಿಂಸೆ. ಎಷ್ಟೋ ಸಲ ಗೇಮ್ ಆಡದೇ ಇದ್ರೂ ಕೆಲಸ ಮಾಡುವಾಗ ಹಾಕ್ಕೊಂಡು ಕೂರ್ತೀನಿ, ಊರಿನ ಟ್ರ್ಯಾಕ್ ಮಾತ್ರ. ಕೆರೇದು ಕೇಳಕ್ಕಾಗಲ್ಲ.

ಅಡ್ಡಗೋಡೆ

ಆ ಕಪ್ಪಿ ರಾಜಾ ಸಿಕ್ಕಾಗ ನಾ ಭಾಳ ಸಿಟ್ಟಿನ್ಯಾಗ ಆಡಿದೆ ನೋಡ್ರಿ, ಆ ಹೆಣಾ ಎಲ್ಲಾ ನೋಡಿ ಬಂದಿದ್ನಲ್ಲ. ಸಿಟ್ಟಿನ್ಯಾಗ ಆಡಿದ್ರ ಸೋಲೂದ. ಅಂವಾ ಹಾರಿ ದೊಪ್ಪಂತ ಬೀಳ್ತಾನ, ಬಿದ್ದ ಮ್ಯಾಲ ಹೊಡೀಬೇಕು, ನಾ ಬೀಳೂಕಿಂತ ಮೊದ್ಲ ಓಡಿ ಹೋಗಿ ಅಂವನ ಕೆಳಗ ನಿಂದರ್ತಿದ್ದೆ. ತಂಗಿ ಹೇಳಿದ್ಲು, ಅಣ್ಣಾ ಬುಡಕ ಯಾಕ ಹೋಗ್ತಿ.

ಹಳೇಕಾರ್ಟ್ರಿಜ್

ನಿಮ್ಮ ತಂಗಿಗೆ ಕಂಟ್ರೋಲರ್ ಕೊಡಿ, ನೀವು ಚೆಂಡು ಒದೀತಾ ಕೂರಿ.

ಫ್ರೇಮ್ ರೇಟ್ ವಿಷ್ಯನೂ ಹೇಳ್ಬಿಡ್ತೀನಿ, ಹಳೇ ರಿವ್ಯೂ ಓದಿ ಹೆದರೋರು ಇರ್ತಾರೆ. ಬಿಡುಗಡೆ ಆದಾಗ ಸೆಕೆಂಡಿಗೆ 30 ಫ್ರೇಮಿಗೇ ಲಾಕ್ ಮಾಡಿದ್ರು, ಇಷ್ಟು ಚುರುಕಾದ ಗೇಮಿಗೆ 30 ಅಂತ ಆಗ ದೊಡ್ಡ ಗಲಾಟೆ ಆಯ್ತು. ಆಮೇಲೆ ಪ್ಯಾಚಲ್ಲಿ 60 ಆಯ್ತು. ಗೇಮ್‌ಮೇಕರ್ ಅನ್ನೋ ಸಾಫ್ಟ್‌ವೇರಲ್ಲಿ ಕಟ್ಟಿದ್ದು, ಆ ಥರ ಬದ್ಲಾಯಿಸೋದು ಸುಲಭ ಇರಲ್ಲ, ಎಲ್ಲ ಲೆಕ್ಕನೂ ಫ್ರೇಮ್ ಮೇಲೆ ನಿಂತಿರುತ್ತೆ. ನಾನು ಎರಡೂ ಆಡಿದೀನಿ. 60ರಲ್ಲಿ ಸತ್ರೆ ನೆಪ ಹೇಳಕ್ಕೆ ಏನೂ ಉಳಿಯಲ್ಲ, ಅಷ್ಟೇ ವ್ಯತ್ಯಾಸ.

ನೀಲಿಪೆಟ್ಟಿಗೆ

ಮಾತಿಲ್ಲದ್ದರ ಬಗ್ಗೆ ಒಂದು ತಮಾಷೆ ಹೇಳ್ಲಾ, ಮೊನೊಲಿತ್, ಅಂದ್ರೆ ಗೇಮಲ್ಲಿರೋ ಬರಹದ ಕಲ್ಲುಗಳನ್ನ, ನೋಡಿಲ್ಲದೋರು ಇದನ್ನ ದಾಟಿ ಹೋಗಿ, ಸಣ್ಣ ಸ್ಪಾಯ್ಲರ್.

ನಾಲ್ಕು ದಿಕ್ಕಲ್ಲೂ ಸೇರಿ 16 ಕಲ್ಲುಗಳಿವೆ, ಮೇಲೆ ಚೌಕ ಚೌಕದ ಲಿಪಿ. ನೋಡಕ್ಕೆ ಯಾವುದೋ ಕಳೆದುಹೋದ ನಾಗರಿಕತೆಯ ಬರಹ, ಎಷ್ಟು ಚೆನ್ನಾಗಿದೆ ಅಂದ್ರೆ ನಾನು ಅದನ್ನ ನೋಟ್‌ಬುಕ್ಕಲ್ಲಿ ನಕಲು ಮಾಡ್ಕೊಂಡಿದ್ದೆ. ಪದೇ ಪದೇ ಬರೋ ಗುರುತು ಯಾವ್ದು, ಒಂಟಿಯಾಗಿ ಬರೋದು ಯಾವ್ದು ಅಂತ ಎರಡು ರಾತ್ರಿ ಕೂತು ಬಿಡಿಸಿದೆ. ಬಿಡಿಸಿದ್ರೆ ಏನು ಬಂತು ಹೇಳಿ. ಇಂಗ್ಲಿಷು! ಒಂದೊಂದು ಗುರುತಿಗೆ ಒಂದೊಂದು ಇಂಗ್ಲಿಷ್ ಅಕ್ಷರ. ನಂಗೆ ಎಷ್ಟು ನಿರಾಸೆ ಆಯ್ತು ಅಂದ್ರೆ. ಯಾರ ಭಾಷೆನೂ ಬೇಡ ಅಂತ ಇಡೀ ಲೋಕ ಕಟ್ಟಿ, ಕೊನೆಗೆ ಕಲ್ಲು ಒಡೆದ್ರೆ ಒಳಗೆ ಅದೇ ಎ ಬಿ ಸಿ ಡಿ.

ಸಿಡುಕಪ್ಪ

ಹಹಹಹ. ನಾನು ಹೇಳ್ಲಿಲ್ವಾ.

ನೀಲಿಪೆಟ್ಟಿಗೆ

ಹೇಳಿದ್ರಿ ಹೇಳಿದ್ರಿ. ಆದ್ರೂ ಬಿಡಿಸೋ ಆ ಎರಡು ರಾತ್ರಿ ನಂಗೆ ಗೇಮಲ್ಲೇ ಬೆಸ್ಟ್ ರಾತ್ರಿಗಳು. ಬಿಡಿಸಿದ್ಮೇಲೆ ಬಂದಿದ್ದನ್ನ ಒಂದೇ ಸಲ ಓದಿ ಮುಚ್ಚಿಟ್ಟೆ. ಅಡ್ಡಗೋಡೆ ಅವ್ರ ತಂಗಿ ಹಕ್ಕಿ ಚಿತ್ರ ನೋಡಿ ಹೇಳಿದ್ಳಲ್ಲ, ಆ ಕಲ್ಲುಗಳೆಲ್ಲ ಸೇರಿದ್ರೂ ನಂಗೆ ಅಷ್ಟು ಹೇಳ್ಲಿಲ್ಲ.

ಗೂಬೆಕಣ್ಣು

ಅಪ್‌ಡೇಟ್ ಕೊಡ್ತೀನಿ. ಹತ್ತು ದಿನ ಆಯ್ತು.

ತಾಳತಪ್ಪಿದೋನು ಹೇಳಿದಂಗೆ ಪೂರ್ವಕ್ಕೆ ಹೋದೆ, ಮುಗಿಸ್ದೆ, ಆಮೇಲೆ ಪಶ್ಚಿಮ. ಆ ಹರಳಿನ ಕಾಡಲ್ಲಿ ಯೋಧರು ನಿಂತಲ್ಲೇ ಹರಳಾಗಿರೋದು ನೋಡಿ ಮೊದ್ಲು ಶಿಲ್ಪ ಅಂದ್ಕೊಂಡಿದ್ದೆ, ಹತ್ರ ಹೋದ್ಮೇಲೆ ಗೊತ್ತಾಗಿದ್ದು. ಗೇಮಿನ ಚಿಲ್ಲರೆ ಕಾಸು ಗೇರ್‌ಬಿಟ್ ಆಯ್ಕೊಂಡು ಆಯ್ಕೊಂಡು, ನಾಲ್ಕು ಸೇರಿದ್ರೆ ಒಂದು, ಅಂಥಾ ಮೂರು ಕೊಟ್ರೆ ಒಂದು ವಿದ್ಯೆ, ಬಡ್ಡಿ ವ್ಯಾಪಾರಕ್ಕಿಂತ ಕಡೆ, ಮೊದ್ಲು ತಗೊಂಡಿದ್ದು ಗುಂಡನ್ನ ಕತ್ತೀಲಿ ವಾಪಸ್ ತಿರುಗಿಸೋದು. ಅದಾದ್ಮೇಲೆ ಉತ್ತರಕ್ಕೆ, ಅದೇ ರೂಮಿಗೆ. 24ನೇ ಸಲ.

ಒಳಗೆ ಕಾಲಿಟ್ಟಾಗ ಕೈ ಬೆವರ್ತಿತ್ತು. ಹತ್ರದವನ ಬೆನ್ನಿಗೆ ಡ್ಯಾಶ್, ಒಂದು, ಎರಡು, ಮೂರು ಏಟು. ದೂರದವನು ಹೊಡ್ದ, ನಾನು ಯೋಚ್ನೆ ಮಾಡ್ದೇ ಕತ್ತಿ ಬೀಸ್ದೆ, ಗುಂಡು ವಾಪಸ್ ಹೋಗಿ ಅವನಿಗೇ ತಗುಲ್ತು. ಉಳಿದೋನು ಒಬ್ಬ, ಅವನು ನುಗ್ಗಿ ಬಂದ, ನಾನು ಪಕ್ಕಕ್ಕೆ ಸರಿದೆ, ಅಂಚಲ್ಲಿ ಅವನೂ ನಾನೂ, ಒಂದು ಏಟು. ನಿಶ್ಶಬ್ದ. ಹಿಮ ಬೀಳ್ತಿದೆ. ಒಂದು ಚೌಕನೂ ಹೋಗಿಲ್ಲ. 23 ಸಲ ಸಾಯಿಸಿದ ರೂಮು ಹದಿನೈದು ಸೆಕೆಂಡಲ್ಲಿ ಮುಗೀತು, ಅಲ್ಲಿ ಕಷ್ಟ ಏನಿತ್ತು ಅಂತಾನೇ ಈಗ ಗೊತ್ತಾಗ್ತಿಲ್ಲ.

ಆಮೇಲೆ ತಲೆ ಎತ್ತಿ ದೂರದ ಬೆಟ್ಟ ನೋಡ್ದೆ. ಹೌದು ನೀಲಿಪೆಟ್ಟಿಗೆ ಅವ್ರೇ. ಬೆಟ್ಟ ಅಲ್ಲ.

ತಾಳತಪ್ಪಿದೋನು

ಭಲೇ! ಈಗ ಚೈನ್ ಡ್ಯಾಶ್ ತಗೋ. ಒಂದರ ಹಿಂದೆ ಒಂದು ಡ್ಯಾಶ್ ಹೊಡ್ಕೊಂಡು ಹೋಗೋದು. ಊರಲ್ಲಿ ಡ್ಯಾಶ್ ಕಲಿಸೋನ ಹತ್ರ ಒಂದು ಪಂದ್ಯ ಇದೆ, ನಿಲ್ಲಿಸದೆ 800 ಡ್ಯಾಶ್ ಹೊಡೆದ್ರೆ ಒಂದು ಬಟ್ಟೆ ಕೊಡ್ತಾನೆ. ನನ್ನ ಹೆಸರು ಯಾಕೆ ತಾಳತಪ್ಪಿದೋನು ಅಂದ್ಕೊಂಡೆ? ಬಟನ್ ಜಜ್ಜಿದ್ರೆ ಆಗಲ್ಲ, ಹಿಂದಿನ ಡ್ಯಾಶ್ ಮುಗಿಯೋ ಹೊತ್ತಿಗೆ ಸರಿಯಾಗಿ ಮುಂದಿನದು ಬೀಳ್ಬೇಕು, ತಾಳ ಹಾಕಿದಂಗೆ. ಕಣ್ಣಲ್ಲಿ ನೋಡಿ ಮಾಡಕ್ಕಾಗಲ್ಲ, ಸೌಂಡ್ ಕೇಳು. 764ರಲ್ಲಿ ಯಾರೋ ಫೋನ್ ಮಾಡಿದ್ರು ನಂಗೆ. 764ರಲ್ಲಿ. ಆ ಮನುಷ್ಯನ ಜೊತೆ ಮೂರು ದಿನ ಮಾತಾಡ್ಲಿಲ್ಲ.

ಮೂಲೆಮನೆ

ಆಮೇಲೆ ಹೊಡೆದ್ರಾ 800?

ತಾಳತಪ್ಪಿದೋನು

ಹೊಡ್ದೆ. ಫೋನ್ ಇನ್ನೊಂದು ರೂಮಲ್ಲಿಟ್ಟು.

ಎರಡುಪಫ್

ನಂಗೆ 100 ದಾಟ್ತಿಲ್ಲ. ಬೆರಳು ಅಲ್ಲ, ಉಸಿರು ಬಿಗಿ ಹಿಡಿದುಬಿಡ್ತೀನಿ ಗೊತ್ತಿಲ್ದೇನೆ, ಆಮೇಲೆ ಉಸಿರು ತಗೊಳಕ್ಕೆ ಅಂತ ಒಂದು ಕ್ಷಣ ತಪ್ಪುತ್ತೆ.

ತಾಳತಪ್ಪಿದೋನು

ಹತ್ತು ಡ್ಯಾಶಿಗೆ ಒಂದು ಉಸಿರು ಅಂತ ಲೆಕ್ಕ ಇಟ್ಕೊಂಡು ನೋಡಿ. ಐದಕ್ಕೆ ಒಳಗೆ, ಐದಕ್ಕೆ ಹೊರಗೆ. ನಂಗೆ ಅದ್ರಿಂದಲೇ ಆಗಿದ್ದು.

ಸಿಡುಕಪ್ಪ

ನಾನು ದಕ್ಷಿಣಕ್ಕೆ ಬಂದೆ. ಒಂದೇ ಒಂದು ಮಾಡ್ಯೂಲ್ ಸಿಗ್ತಿಲ್ಲ. ನೆಲ ನೋಡ್ತಾ ಇದೀನಿ ನೀಲಿಪೆಟ್ಟಿಗೆ ಅವ್ರೇ, ನೆಲ ಮಾತ್ರ ನೋಡ್ತಾ ಇದೀನಿ, ನಲವತ್ತು ನಿಮಿಷದಿಂದ.

ನೀಲಿಪೆಟ್ಟಿಗೆ

ಸ್ಕ್ರೀನ್‌ಶಾಟ್ ಹಾಕಿ, ಎಲ್ಲಿದೀರಿ ನೋಡೋಣ.

ಸಿಡುಕಪ್ಪ

ಎಲ್ಲಿದೀನಿ ಅಂತ ಗೊತ್ತಿದ್ರೆ ನಿಮ್ಮನ್ಯಾಕೆ ಕೇಳ್ತಿದ್ದೆ.

ಎರಡುಪಫ್

212.